ಮರುಭೂಮಿಯ ಅಂಗಡಿ ಯಾರಿಗೆ ದುಬಾರಿ?

ಆಸ್ಟ್ರೇಲಿಯದ ಒಳನಾಡಿನಲ್ಲಿ ಕಾರು ಪ್ರವಾಸ ಮುಗಿಸಿ ಬಂದವರ ಮಾತನ್ನೊಮ್ಮೆ ಕೇಳಿ. ಕೆಂಪು ಮಣ್ಣು, ಕೈಗೆಟಕುವಂತೆ ಕಾಣುವ ನಕ್ಷತ್ರಗಳು, ಮುಸ್ಸಂಜೆಯಲ್ಲಿ ರಸ್ತೆಗೆ ಅಡ್ಡ ಬರುವ ಕಾಂಗರೂ ಇತ್ಯಾದಿಗಳ ವರ್ಣನೆ ಮುಗಿದ ಬಳಿಕ ಒಂದು ದೂರು ಬಂದೇ ಬರುತ್ತದೆ. ಅಲ್ಲಿನ ಅಂಗಡಿಯವರು ಸುಲಿಗೆಗಾರರು, ಪೆಟ್ರೋಲಿನಿಂದ ಹಿಡಿದು ಬ್ರೆಡ್ಡಿನವರೆಗೆ ಎಲ್ಲದಕ್ಕೂ ಬಾಯಿಗೆ ಬಂದ ಬೆಲೆ ಹೇಳುತ್ತಾರೆ ಎಂಬ ದೂರು. ಮೆಲ್ಬೋರ್ನ್, ಸಿಡ್ನಿಗಳಲ್ಲಿ ನೆಲೆಸಿರುವ ನಮ್ಮ ಊರುಗಳ ಮಕ್ಕಳೂ ರಜೆ ಸಿಕ್ಕಾಗ ಉಲೂರು ಬಂಡೆಯನ್ನು ನೋಡಲು ಹೊರಡುತ್ತಾರೆ. ಹಾಗಾಗಿ ಈ ದೂರು ನಮ್ಮ ಪಡಸಾಲೆಗಳಿಗೂ ತಲುಪುತ್ತದೆ. ನಾವು ತಲೆಯಾಡಿಸುತ್ತೇವೆ. ಆದರೆ ಆ ಬೆಲೆಯ ಹಿಂದೆ ಏನಿದೆ ಮತ್ತು ಅದನ್ನು ನಿಜವಾಗಿ ತೆರುತ್ತಿರುವವರು ಯಾರು ಎಂದು ವಿಚಾರಿಸುವುದಿಲ್ಲ.

ಮೊದಲು ದೂರವನ್ನು ಅರಿತುಕೊಳ್ಳೋಣ. ಅಡಿಲೇಡ್ ನಗರದಿಂದ ಓಪಲ್ ಗಣಿಗಳ ಊರಾದ ಕೂಬರ್ ಪೀಡಿಗೆ ಸುಮಾರು 850 ಕಿ.ಮೀ. ಹೆಚ್ಚುಕಡಿಮೆ ಮಂಗಳೂರಿನಿಂದ ಮುಂಬೈಗೆ ಇರುವಷ್ಟು. ಆದರೆ ನಮ್ಮ ಹೆದ್ದಾರಿಯಲ್ಲಿ ಹತ್ತು ನಿಮಿಷಕ್ಕೊಂದು ಊರು ಸಿಗುತ್ತದೆ. ಅಲ್ಲಿ ಗ್ಲೆಂಡ್ಯಾಂಬೊ ಎಂಬ ಪುಟ್ಟ ತಂಗುದಾಣವನ್ನು ದಾಟಿದರೆ ಮುಂದಿನ 250 ಕಿ.ಮೀ.ಗಳವರೆಗೆ ಒಂದು ಪೆಟ್ರೋಲ್ ಬಂಕ್ ಕೂಡ ಇಲ್ಲ. ಇಂತಹ ಹಾದಿಯಲ್ಲಿ ಸರಕು ತಂದ ಲಾರಿ ಹಿಂದಿರುಗುವಾಗ ಬಹುತೇಕ ಖಾಲಿಯಾಗಿಯೇ ಹೋಗುತ್ತದೆ. ಆದ್ದರಿಂದ ಒಂದು ಮೂಟೆ ಆಲೂಗಡ್ಡೆಯ ಮೇಲೆ ಹೋಗಿಬರುವ ಎರಡೂ ಕಡೆಯ ಬಾಡಿಗೆ ಬೀಳುತ್ತದೆ. ಪೆಟ್ರೋಲ್ ಬಂಕ್, ಹೋಟೆಲು, ಕಿರಾಣಿ ಅಂಗಡಿ ಎಲ್ಲವೂ ಒಂದೇ ಸೂರಿನಡಿ ಇರುವ 'ರೋಡ್‌ಹೌಸ್'ಗಳಲ್ಲಿ ಅನೇಕವು ವಿದ್ಯುತ್ ಜಾಲದಿಂದ ಹೊರಗಿವೆ. ಬೇಸಿಗೆಯಲ್ಲಿ ಉಷ್ಣಾಂಶ 45 ಡಿಗ್ರಿ ಮುಟ್ಟುವಾಗ ಹಾಲು, ಮಾಂಸ ಕೆಡದಂತೆ ಫ್ರಿಜ್ ಓಡಬೇಕಾದರೆ ಹಗಲೂ ರಾತ್ರಿಯೂ ಡೀಸೆಲ್ ಜನರೇಟರ್ ಉರಿಯಬೇಕು. ಆ ಡೀಸೆಲ್ ಕೂಡ ಅದೇ ರಸ್ತೆಯಲ್ಲಿ ಬರಬೇಕು. ನೀರಿನ ಕಥೆಯೂ ಇದೇ. ಕೂಬರ್ ಪೀಡಿಯವರು ಕುಡಿಯುವುದು ಭೂಗರ್ಭದ ಉಪ್ಪುನೀರನ್ನು ಯಂತ್ರದಲ್ಲಿ ಶುದ್ಧೀಕರಿಸಿ ಪಡೆದ ನೀರನ್ನು. ಇನ್ನು ಊಡ್ನಡಾಟ ಹಾದಿಯ ವಿಲಿಯಂ ಕ್ರೀಕ್‌ನಂತಹ ಊರಿನಲ್ಲಿ ಕಾಯಂ ವಾಸವಿರುವವರು ಹತ್ತು ಹನ್ನೆರಡು ಮಂದಿ. ಅಷ್ಟು ಗಿರಾಕಿಗಳನ್ನು ನಂಬಿ ಯಾವ ವ್ಯಾಪಾರಿ ತಾನೇ ನಗರದ ದರದಲ್ಲಿ ಮಾರಲು ಸಾಧ್ಯ? ಕೋಲ್ಸ್, ವೂಲ್‌ವರ್ತ್ಸ್‌ನಂತಹ ದೈತ್ಯ ಮಳಿಗೆಗಳು ರಾಶಿ ರಾಶಿಯಾಗಿ ಖರೀದಿಸಿ ಪಡೆಯುವ ರಿಯಾಯಿತಿ ಇವನಿಗೆ ಸಿಗುವುದಿಲ್ಲ. ಅವರು ಮಾರುವ ಬೆಲೆಗೆ ಇವನಿಗೆ ಸಗಟಿನಲ್ಲೂ ಸರಕು ಸಿಗದ ಸಂದರ್ಭಗಳಿವೆ.

2022ರ ಜನವರಿಯಲ್ಲಿ ದಕ್ಷಿಣ ಆಸ್ಟ್ರೇಲಿಯದಲ್ಲಿ ನೆರೆ ಬಂದು ಸ್ಟುವರ್ಟ್ ಹೆದ್ದಾರಿ ಮತ್ತು ರೈಲು ಮಾರ್ಗಗಳು ಕಡಿದುಹೋದವು. ಕೂಬರ್ ಪೀಡಿಗೆ ಆಹಾರ ತಲುಪಿಸಲು ವಾಯುಪಡೆಯ ವಿಮಾನವೇ ಬರಬೇಕಾಯಿತು. ಅಂಗಡಿಯ ಕಪಾಟಿನಲ್ಲಿ ಒಂದು ಡಬ್ಬಿ ಇದೆ ಎಂಬುದೇ ಅಲ್ಲಿ ಒಂದು ಸಾಧನೆ. ಪ್ರವಾಸಿಗನಿಗೆ ಅದರ ಮೇಲೆ ಅಂಟಿಸಿದ ಬೆಲೆಯ ಚೀಟಿ ಮಾತ್ರ ಕಾಣುತ್ತದೆ.

ವಾಸ್ತವದಲ್ಲಿ ದೂರಿನ ಇನ್ನೊಂದು ಪಕ್ಕವನ್ನು ರೋಡ್‌ಹೌಸ್‌ನವರು ಹೇಳಬೇಕು. ನಗರದ ಸೂಪರ್‌ಮಾರ್ಕೆಟ್‌ನಲ್ಲಿ ಹದಿನೈದು ದಿನಗಳ ಸಾಮಾನು ತುಂಬಿಸಿಕೊಂಡ ಕ್ಯಾರವಾನ್ ಬಂದು ನಿಲ್ಲುತ್ತದೆ. ಕುಟುಂಬದ ಸರ್ವರೂ ಇಳಿದು ಶೌಚಾಲಯ ಬಳಸುತ್ತಾರೆ. ಮನೆಯೊಡೆಯ ನಲ್ಲಿಗೆ ಪೈಪು ಹಚ್ಚಿ ಗಾಡಿಯ ಟ್ಯಾಂಕಿಗೆ ನೀರು ತುಂಬಿಸುತ್ತಾನೆ. ಮೂರು ದಿನಗಳ ಕಸವನ್ನು ಅಲ್ಲಿನ ತೊಟ್ಟಿಗೆ ಸುರಿಯುತ್ತಾರೆ. ಮುಂದಿನ ರಸ್ತೆ ಹೇಗಿದೆ, ಹಳ್ಳದಲ್ಲಿ ನೀರಿದೆಯೇ ಎಂದು ಕೂಲಂಕಷವಾಗಿ ವಿಚಾರಿಸುತ್ತಾರೆ. ಕೊನೆಗೆ ಒಂದು ಲೋಟ ಚಹಾದ ಬೆಲೆ ಕೇಳಿ, "ಇದೆಂಥ ಅನ್ಯಾಯ!" ಎಂದು ಗೊಣಗಿ, ಏನನ್ನೂ ಕೊಳ್ಳದೆ ಹೊರಟುಬಿಡುತ್ತಾರೆ. ಇಲ್ಲಿ ಯಾರು ಯಾರನ್ನು ಸುಲಿದರು? ಗಲ್ಲೆಯ ಹಿಂದೆ ನಿಂತು ಬೈಗುಳ ಕೇಳಿದವಳೂ ಅಂಗಡಿಯ ಒಡತಿಯಲ್ಲ. ಅನೇಕ ವೇಳೆ ಅವಳು ಬೇರಾವುದೋ ದೇಶದಿಂದ ತಾತ್ಕಾಲಿಕ ವೀಸಾದಲ್ಲಿ ಬಂದು ಕೆಲವು ತಿಂಗಳ ಮಟ್ಟಿಗೆ ದುಡಿಯುತ್ತಿರುವ ಯುವತಿ. (ತಳ್ಳುಗಾಡಿಯವನ ಬಳಿ ಎರಡು ರೂಪಾಯಿಗೆ ಚೌಕಾಸಿ ಮಾಡಿ, ಮಾಲ್‌ನಲ್ಲಿ ಕೇಳಿದಷ್ಟು ಕೊಟ್ಟು ಬರುವ ನಮಗೆ ಈ ಸ್ವಭಾವ ಅಪರಿಚಿತವೇನಲ್ಲ.)

ಶಿಷ್ಟಾಚಾರದ ಪ್ರಶ್ನೆ ಹಣಕ್ಕಷ್ಟೇ ಸೀಮಿತವಲ್ಲ. ಔಟ್‌ಬ್ಯಾಕ್ ಎಂದರೆ ಒಡೆಯರಿಲ್ಲದ ಬಯಲು ಎಂಬ ಭಾವನೆ ಹಲವರಲ್ಲಿದೆ. ನಾರ್ದರ್ನ್ ಟೆರಿಟರಿಯಲ್ಲಿ 1976ರ ಭೂಹಕ್ಕು ಕಾನೂನಿನ ಪ್ರಕಾರ ಮೂಲನಿವಾಸಿಗಳಿಗೆ ಸೇರಿದ ಭೂಮಿಯನ್ನು ಹೊರಗಿನವರು ಪ್ರವೇಶಿಸಬೇಕಾದರೆ ಅನುಮತಿಪತ್ರ ಬೇಕು. ಇದನ್ನು ಕಿರುಕುಳವೆಂದು ಭಾವಿಸುವ ಪ್ರವಾಸಿಗ ತನ್ನ ಮನೆಯ ಬಾಗಿಲಿಗೆ ಚಿಲಕ ಹಾಕುವುದನ್ನು ಮಾತ್ರ ಮರೆಯುವುದಿಲ್ಲ! ಉಲೂರುವನ್ನು 1985ರ ಅಕ್ಟೋಬರ್ 26ರಂದು ಅನಂಗು ಜನರಿಗೆ ಮರಳಿಸಲಾಯಿತು. ಅದು ತಮಗೆ ಪವಿತ್ರ, ದಯವಿಟ್ಟು ಹತ್ತಬೇಡಿ ಎಂದು ಅವರು ವಿನಂತಿಸುತ್ತಲೇ ಇದ್ದರು. ಜನ ಹತ್ತುತ್ತಲೇ ಇದ್ದರು. ಕೊನೆಗೆ 2019ರ ಅಕ್ಟೋಬರ್ 26ರಿಂದ ಹತ್ತುವುದನ್ನೇ ನಿಷೇಧಿಸಲಾಯಿತು. ನಿಷೇಧದ ದಿನ ಹತ್ತಿರವಾದಂತೆ ಬಂಡೆಯ ಬುಡದಲ್ಲಿ ಸರತಿ ಸಾಲು ಬೆಳೆಯಿತೇ ಹೊರತು ಕರಗಲಿಲ್ಲ. ವಿನಂತಿಗೆ ಸಿಗದ ಮರ್ಯಾದೆ ಕಾನೂನಿಗೆ ಮಾತ್ರ ಸಿಕ್ಕಿತು. ಅನುಮತಿ ಕೇಳದೆ ಮೂಲನಿವಾಸಿ ಮಕ್ಕಳ, ವೃದ್ಧೆಯರ ಫೋಟೋ ತೆಗೆಯುವುದೂ ಇದೇ ಚಾಳಿಯ ಮುಂದುವರಿಕೆ.

ಈ ದಾರಿಗಳಲ್ಲಿ ಲಾರಿಗಳು ಓಡುವ ಮೊದಲು ಸರಕು ಹೊತ್ತು ನಡೆದವರ ಬಗ್ಗೆ ನಮ್ಮ ಓದುಗರು ತಿಳಿದಿರಬೇಕು. 1860ರಿಂದೀಚೆಗೆ ಸಾವಿರಾರು ಒಂಟೆ ಸವಾರರನ್ನು ಅಲ್ಲಿಗೆ ಕರೆದೊಯ್ಯಲಾಯಿತು. ಎಲ್ಲರನ್ನೂ 'ಆಫ್ಘನ್ನರು' ಎಂದೇ ಕರೆದರೂ ಅವರಲ್ಲಿ ಅನೇಕರು ಬಲೂಚಿಸ್ತಾನ, ಪಂಜಾಬ್, ಸಿಂಧ್, ಪೇಶಾವರದ ಕಡೆಯವರು, ಅಂದರೆ ಅಂದಿನ ಬ್ರಿಟಿಷ್ ಭಾರತದ ಮುಸ್ಲಿಮರು. ಹಿಟ್ಟು, ಚಹಾ, ಸಕ್ಕರೆ, ರೈಲು ಮಾರ್ಗದ ಸಾಮಗ್ರಿ ಎಲ್ಲವೂ ಅವರ ಒಂಟೆಗಳ ಬೆನ್ನ ಮೇಲೆ ಒಳನಾಡು ಸೇರಿತು. ಅಡಿಲೇಡಿನ ಉತ್ತರಕ್ಕಿರುವ ಮರಿ ಎಂಬ ಊರಿನಲ್ಲಿ ಅವರು ಮಣ್ಣು ಮತ್ತು ಹುಲ್ಲಿನಿಂದ ಕಟ್ಟಿದ್ದ ಮಸೀದಿ ಆ ದೇಶದ ಮೊತ್ತಮೊದಲ ಮಸೀದಿಗಳಲ್ಲೊಂದು. ಇಂದು ಅಲ್ಲಿರುವುದು ಅದರ ಪ್ರತಿಕೃತಿ. ಎತ್ತಿನ ಗಾಡಿಯವರಿಗಿಂತ ಕಡಿಮೆ ಬಾಡಿಗೆಗೆ ಸರಕು ಸಾಗಿಸಿದ ತಪ್ಪಿಗೆ ಅವರು ಬಿಳಿಯ ಗಾಡಿಯವರ ದ್ವೇಷ ಕಟ್ಟಿಕೊಂಡರು. ಊರಿನ ಅಂಚಿನಲ್ಲಿ, 'ಘಾನ್ ಟೌನ್' ಎಂಬ ಕೇರಿಗಳಲ್ಲಿ ಬಾಳಿದರು. 1903ರ ಕಾನೂನು ಏಶ್ಯನ್ನರಿಗೆ ಪೌರತ್ವದ ಬಾಗಿಲನ್ನೇ ಮುಚ್ಚಿತು. ಲಾರಿಗಳು ಬಂದ ಮೇಲೆ ಅವರ ಒಂಟೆಗಳು ಮರುಭೂಮಿಯ ಪಾಲಾದವು. ಇಂದು ಪ್ರವಾಸಿಗರು ದೊಡ್ಡ ಮೊತ್ತ ತೆತ್ತು ಹತ್ತುವ ಐಷಾರಾಮಿ ರೈಲಿಗೆ 'ದಿ ಘಾನ್' ಎಂಬ ಹೆಸರು ಬಂದಿರುವುದು ಅವರಿಂದ. ಆ ರೈಲಿನ ಟಿಕೆಟ್ ದುಬಾರಿ ಎಂದು ಕೋಪಿಸಿಕೊಳ್ಳುವವರು ಕಡಿಮೆ.

ಅಂದರೆ ಬೆಲೆಯನ್ನು ಪ್ರಶ್ನಿಸಲೇಬಾರದೇ? ಖಂಡಿತ ಪ್ರಶ್ನಿಸಬೇಕು. ಆದರೆ ಪ್ರಶ್ನೆ ಆರಂಭವಾಗಬೇಕಾದದ್ದು ಪ್ರವಾಸಿಗನ ಜೇಬಿನಿಂದಲ್ಲ. ಅವನು ಹೆಚ್ಚು ತೆರುವುದು ಒಂದು ದಿನ ಅಥವಾ ಒಂದು ವಾರ. ಅಲ್ಲಿನ ಮೂಲನಿವಾಸಿ ಕುಟುಂಬ ತೆರುವುದು ವರ್ಷದ ಎಲ್ಲ ದಿನ, ಅದೂ ನಗರದವರಿಗಿಂತ ಎಷ್ಟೋ ಕಡಿಮೆ ಆದಾಯದಲ್ಲಿ. ದೂರದ ಸಮುದಾಯಗಳ ಅಂಗಡಿಯಲ್ಲಿ ಒಂದು ಬುಟ್ಟಿ ಆಹಾರಕ್ಕೆ ಪಟ್ಟಣದ ಸೂಪರ್‌ಮಾರ್ಕೆಟ್‌ಗಿಂತ ಸುಮಾರು ಒಂದೂವರೆ ಪಟ್ಟು ಬೆಲೆ ಇರುವುದನ್ನು ನಾರ್ದರ್ನ್ ಟೆರಿಟರಿಯ ಸಮೀಕ್ಷೆಗಳು ತೋರಿಸಿವೆ. ತರಕಾರಿ ಬಾಡಿ ಬಂದಾಗ, ಅದಕ್ಕೂ ಚಿನ್ನದ ಬೆಲೆ ಇರುವಾಗ, ತಾಯಿಯೊಬ್ಬಳು ಮಕ್ಕಳಿಗೆ ಏನನ್ನು ಕೊಡಿಸಿಯಾಳು? ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆಗಳು ಆ ಸಮುದಾಯಗಳನ್ನು ಹಿಂಡುತ್ತಿರುವುದಕ್ಕೆ ಇದೊಂದೇ ಕಾರಣವಲ್ಲದಿರಬಹುದು. ಆದರೆ ಇದೂ ಒಂದು ಕಾರಣ. ಡಯಾಲಿಸಿಸ್‌ಗಾಗಿ ನೂರಾರು ಕಿ.ಮೀ. ದೂರದ ಆಲಿಸ್ ಸ್ಪ್ರಿಂಗ್ಸ್‌ಗೆ ಗುಳೆ ಹೋಗಬೇಕಾಗಿದ್ದ ತಮ್ಮ ಹಿರಿಯರನ್ನು ಊರಿಗೆ ಮರಳಿ ತರಲು ಪಶ್ಚಿಮ ಮರುಭೂಮಿಯ ಕಲಾವಿದರು 2000ದಲ್ಲಿ ತಮ್ಮ ವರ್ಣಚಿತ್ರಗಳನ್ನು ಹರಾಜಿಗಿಟ್ಟು ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದ್ದರು. ಸರಕಾರ ಮಾಡಬೇಕಾದ ಕೆಲಸವನ್ನು ಚಿತ್ರಗಳು ಮಾಡಿದವು.

2020ರಲ್ಲಿ ಆಸ್ಟ್ರೇಲಿಯದ ಸಂಸದೀಯ ಸಮಿತಿಯೊಂದು ಈ ಬೆಲೆಗಳ ಬಗ್ಗೆ ವಿಚಾರಣೆ ನಡೆಸಿತು. ಬೆಲೆ ವಿಪರೀತ ಇರುವುದು ನಿಜ, ಆದರೆ ವ್ಯವಸ್ಥಿತ ಸುಲಿಗೆ ನಡೆದಿದೆ ಎನ್ನಲು ಸಾಕ್ಷ್ಯವಿಲ್ಲ ಎಂಬುದು ಅದರ ವರದಿಯ ಸಾರ. ಜೊತೆಗೆ ಬೆಲೆಗಳ ಮೇಲೆ ಸತತ ನಿಗಾ ಇರಬೇಕೆಂದೂ ಅದು ಶಿಫಾರಸು ಮಾಡಿತು. ಸುಲಿಗೆ ಇಲ್ಲ ಎಂಬ ಮಾತು ಅಂಗಡಿಯವನಿಗೆ ಸಮಾಧಾನ ತರಬಹುದು. ಹಸಿದವನಿಗೆ ಅದರಿಂದ ಏನು ಬಂತು? ಸುಲಿಗೆಗಾರನೇ ಇಲ್ಲದೆ ಜನ ಸುಲಿಯಲ್ಪಡುತ್ತಿದ್ದಾರೆ ಎಂದಾದರೆ ಅದು ಇನ್ನೂ ಗಂಭೀರ ಸಂಗತಿ. ಯಾಕೆಂದರೆ ಆಗ ಹೊಣೆ ಆಡಳಿತದ ಮೇಲೆ ಬೀಳುತ್ತದೆ. 30 ಅಗತ್ಯ ವಸ್ತುಗಳನ್ನು ದೂರದ ಅಂಗಡಿಗಳಲ್ಲಿ ನಗರದ ಬೆಲೆಗೇ ಒದಗಿಸುವುದಾಗಿ ಅಲ್ಲಿನ ಸರಕಾರ ಘೋಷಿಸಲು 2025ರ ಫೆಬ್ರವರಿವರೆಗೆ ಕಾಯಬೇಕಾಯಿತು. ಸ್ವಾಗತಾರ್ಹವೇ. ಆದರೆ ವಿಚಾರಣೆಯ ವರದಿ ಬಂದು ಆಗ ನಾಲ್ಕು ವರ್ಷ ದಾಟಿತ್ತು.

ಇಲ್ಲಿ ಪ್ರಯಾಣಿಕ ಒಂದು ವ್ಯತ್ಯಾಸವನ್ನು ಅರಿತಿರುವುದು ಅಗತ್ಯ. ಹೆದ್ದಾರಿಯ ರೋಡ್‌ಹೌಸ್ ಬದುಕಿರುವುದು ದಾರಿಹೋಕರಿಂದ. ಅಲ್ಲಿ ನಿಂತವನು ಪೆಟ್ರೋಲನ್ನೋ ಊಟವನ್ನೋ ಕೊಂಡರೆ ಮುಂದಿನ ವರ್ಷವೂ ಆ ದೀಪ ಉರಿಯುತ್ತದೆ, ಮುಂದೆ ಕೆಟ್ಟು ನಿಂತ ಯಾವುದೋ ಗಾಡಿಗೆ ನೆರವು ಸಿಗುತ್ತದೆ. ಸಮುದಾಯದ ಅಂಗಡಿ ಹಾಗಲ್ಲ. ಆರ್ನ್‌ಹೆಮ್ ಲ್ಯಾಂಡ್‌ನ ಮೂಲನಿವಾಸಿಗಳು 1972ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿ ನಡೆಸುತ್ತಾ ಬಂದಿರುವಂತಹ ಅಂಗಡಿಗಳು ಇರುವುದು ಅಲ್ಲಿನ ಮನೆಗಳಿಗಾಗಿ. ಮಳೆಗಾಲದಲ್ಲಿ ರಸ್ತೆ ಮುಚ್ಚಿದಾಗ ಅವುಗಳಿಗೆ ಸರಕು ದೋಣಿಯಲ್ಲೋ ವಿಮಾನದಲ್ಲೋ ಬರಬೇಕು. ಉಳಿದ ಕಾಲದಲ್ಲೂ ಲಾರಿ ದಿನವೂ ಬರುವುದಿಲ್ಲ. ಅಡಿಲೇಡಿನಿಂದ ತಂದ ಹಾಲು ಕಾರಿನ ಫ್ರಿಜ್‌ನಲ್ಲಿ ಇನ್ನೂ ತಣ್ಣಗಿರುವಾಗ, ಅಂತಹ ಅಂಗಡಿಯಲ್ಲಿ ಉಳಿದಿರುವ ಕೊನೆಯ ಎರಡು ಪೊಟ್ಟಣ ಹಾಲು ಪ್ರವಾಸಿಗನಿಗೇಕೆ?