ತೇರ್ಸಿನಿಂದ ತೆನೆಯವರೆಗೆ
ಕರಾವಳಿಯ ಕೊಂಕಣಿ ಕಥೊಲಿಕರ ಮನೆಗಳಲ್ಲಿ ಕ್ರೈಸ್ತ ವಿಶ್ವಾಸ ಭಾನುವಾರದ ಬಲಿಪೂಜೆಗೆ ಮುಗಿಯುವುದಿಲ್ಲ. ದಿನಚರಿಯಲ್ಲೂ ಬೇಸಾಯದಲ್ಲೂ ಹಾಸುಹೊಕ್ಕಾಗಿದೆ. ಮುಸ್ಸಂಜೆಯಲ್ಲಿ ಮನೆಮಂದಿ ದೇವರ ಪೀಠದ ಮುಂದೆ ಕುಳಿತು ಜಪಮಾಲೆ ಹೇಳುತ್ತಾರೆ. ಇದೇ ತೇರ್ಸ್. ಮೂರನೇ ಒಂದು ಭಾಗ ಎಂಬರ್ಥದ ಪೋರ್ಚುಗೀಸ್ ಪದದಿಂದ ಬಂದ ಹೆಸರು ಇದು. ಹಳೆಯ ಕ್ರಮದ ಪೂರ್ಣ ಜಪಮಾಲೆಯಲ್ಲಿ ಹತ್ತು ಹತ್ತು ಜಪಗಳ 15 ಗುಂಪುಗಳಿದ್ದವು; ಅವುಗಳಲ್ಲಿ 5 ಗುಂಪುಗಳನ್ನು ಮಾತ್ರ ಇಲ್ಲಿ ಹೇಳಲಾಗುತ್ತದೆ. ಜಪ ಮುಗಿದ ಮೇಲೆ ಕಿರಿಯರು ಹಿರಿಯರಿಂದ ಆಶೀರ್ವಾದ ಬೇಡುವುದು ವಾಡಿಕೆ. ಹಗಲಿನ ಮುನಿಸು ಕರಗುವ ಹೊತ್ತೂ ಅದೇ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ವಿಭೂತಿ ಬುಧವಾರದಂದು ಶುರುವಾಗುತ್ತದೆ. ಆಗ ಉಪವಾಸ, ಮಾಂಸತ್ಯಾಗ, ದಾನ ಜೊತೆಜೊತೆಗೆ ನಡೆಯುತ್ತವೆ. ತಾವು ಬಿಟ್ಟ ತುತ್ತು ಬಡವರ ಪಾಲಾಗಬೇಕೆಂಬುದು ಇದರ ಆಶಯ. ಸೆಪ್ಟೆಂಬರ್ 8ರಂದು ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ಮೊಂತಿ ಫೆಸ್ತ್. ಅದಕ್ಕೆ ಮುನ್ನ 9 ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದಂದು ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಕುಟುಂಬಗಳಿಗೆ ಹಂಚುತ್ತಾರೆ. ಮನೆಯಲ್ಲಿ ಹೊಸ ಅಕ್ಕಿಯ ಕಾಳುಗಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯ ಬಳಿಕ ಎಲ್ಲರೂ ಸೇವಿಸುತ್ತಾರೆ. ಬಾಳೆಲೆಯ ಸಸ್ಯಾಹಾರಿ ಊಟಕ್ಕೆ ಕುಟುಂಬವೆಲ್ಲ ಸೇರುತ್ತದೆ. ದೂರದಲ್ಲಿರುವವರಿಗೂ ಒಂದಿಷ್ಟು ತೆನೆ ತಲುಪಿಸುವುದು ರೂಢಿ.