ಕಾರಿನ ಜಿಪಿಎಸ್ ಹಿಡ್ಕೊಂಡು ಕೊಳಾರದ ಹೊಲಕ್ಕೆ

ಫೋನಿನಲ್ಲಿ ಮ್ಯಾಪ್ ಬರೋಕೆ ಮುಂಚೆ ಕಾರಿನ ಮುಂದಿನ ಗಾಜಿಗೆ ಅಂಟಿಸುತ್ತಿದ್ದ ಪುಟ್ಟ ಪರದೆಯೊಂದು ಇತ್ತಲ್ಲ, ಗಾರ್ಮಿನ್ ನುವಿ ತರಹದ್ದು? ಇವತ್ತು ಅದು ಕಪಾಟಿನಲ್ಲಿ ಹಳೇ ಚಾರ್ಜರುಗಳ ಜೊತೆ ಬಿದ್ದಿರ್ತದೆ. ಅದನ್ನ ಗುಜರಿಗೆ ಹಾಕಬೇಡಿ ಅಂತ ಕೇಳೋಕೆ ಈ ಲೇಖನ. ಜಿಯೋಕ್ಯಾಶಿಂಗ್ ಆಡೋಕೆ ಅದು ಸಾಕು. ನಮ್ಮ ಬೀದರ್ ಕಡೆ ಆಡೋರಿಗಂತೂ ಅದು ಫೋನಿಗಿಂತ ಒಂದು ಪಾಠ ಜಾಸ್ತಿ ಕಲಿಸ್ತದೆ ಅನ್ನೋದು ನಮ್ಮ ಅಭಿಪ್ರಾಯ.

ಆಟ ಗೊತ್ತಿಲ್ಲದವರಿಗೆ: ಯಾರೋ ಒಬ್ಬರು ನೀರು ಒಳಗೆ ಹೋಗದಂಥ ಡಬ್ಬಿಯಲ್ಲಿ ಒಂದು ಸಣ್ಣ ಪುಸ್ತಕ ಇಟ್ಟು ಎಲ್ಲೋ ಬಚ್ಚಿಡ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶ ಮಾತ್ರ ಎಲ್ಲರಿಗೂ ಹೇಳ್ತಾರೆ. ಹುಡುಕಿದವರು ಪುಸ್ತಕದಲ್ಲಿ ಹೆಸರು ಬರೆದು ಡಬ್ಬಿಯನ್ನ ಇದ್ದಲ್ಲೇ ಇಡಬೇಕು. 2000ನೇ ಇಸವಿಯ ಮೇ ತಿಂಗಳ ಮೊದಲು ಈ ಆಟ ಆಡೋಕೆ ಆಗ್ತಿರಲಿಲ್ಲ. ಅಲ್ಲಿವರೆಗೂ ಅಮೆರಿಕದ ಸೇನೆ ಸಾಮಾನ್ಯ ಜನರಿಗೆ ಸಿಗುವ ಜಿಪಿಎಸ್ ಸಿಗ್ನಲ್ಲನ್ನ ಬೇಕಂತಲೇ ಕೆಡಿಸಿ ಕಳಿಸುತ್ತಿತ್ತು. ನೂರು ಮೀಟರ್‌ವರೆಗೂ ತಪ್ಪು ತೋರಿಸೋ ಯಂತ್ರ ಹಿಡ್ಕೊಂಡು ಡಬ್ಬಿ ಹುಡುಕೋದು ಹೆಂಗೆ? ಕ್ಲಿಂಟನ್ ಸರ್ಕಾರ ಅದನ್ನ ನಿಲ್ಲಿಸಿದ ಮರುದಿನವೇ, ಮೇ 3ಕ್ಕೆ, ಡೇವ್ ಉಲ್ಮರ್ ಅನ್ನೋರು ಒರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ ಬಚ್ಚಿಟ್ಟು ನಂಬರ್ ಕೊಟ್ಟರು. ಬಕೆಟ್ಟಿನೊಳಗೆ ಒಂದು ಬೀನ್ಸ್ ಡಬ್ಬವೂ ಇತ್ತಂತೆ. ಎಂಜಿನಿಯರ್ ಬುದ್ಧಿ ಅಂದ್ರೆ ಇದೇ ನೋಡ್ರಿ: ಹೊಸ ಸೌಲಭ್ಯ ಸಿಕ್ಕ ಕೂಡಲೇ ಅದನ್ನ ಟೆಸ್ಟ್ ಮಾಡೋಕೆ ಒಂದು ಆಟ ಹುಟ್ಟಿಸೋದು.

ಈಗ ಕೊಳಾರಕ್ಕೆ ಬರೋಣ. ಬೀದರ್ ಊರಿನ ಪಕ್ಕದ, ಇಂಡಸ್ಟ್ರಿಯಲ್ ಏರಿಯಾ ಇರುವ ನಮ್ಮ ಕೊಳಾರ. ಈ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಸಿಗೋದು ಚಿನ್ನದ ಗಣಿಯ ಕೋಲಾರ. ನೇರ ಗೆರೆ ಎಳೆದರೂ ಇಲ್ಲಿಂದ 500 ಕಿಲೋಮೀಟರ್‌ಗಿಂತ ಹೆಚ್ಚು. ಸರಿ, ನಡುವೆ ಒಂದು ‘ಎಚ್’ ಸೇರಿಸಿದರೆ? ವಿಜಯಪುರ ಜಿಲ್ಲೆಯ ಕೊಲ್ಹಾರ, ಕೃಷ್ಣಾ ನದಿ ದಂಡೆ. ಕನ್ನಡದಲ್ಲಿ ಬರೆದರೆ ಮೂರೂ ಬೇರೆ ಬೇರೆ ಊರು, ಯಾರಿಗೂ ಗೊಂದಲ ಇಲ್ಲ. ಲ-ಳ ವ್ಯತ್ಯಾಸ ಬರೀ ವ್ಯಾಕರಣ ಮೇಷ್ಟ್ರ ಕಾಟ ಅನ್ನೋರು ಈ ಕಿಲೋಮೀಟರ್ ಲೆಕ್ಕ ಒಮ್ಮೆ ನೋಡಬೇಕು.

ಇಷ್ಟಕ್ಕೇ ಮುಗಿಯಲ್ಲ. ನಮ್ಮಲ್ಲಿ ಕೊಳಾರ (ಕೆ), ಕೊಳಾರ (ಬಿ) ಅಂತ ಎರಡು. ಈ ಭಾಗದಲ್ಲಿ ಊರ ಹೆಸರಿನ ಮುಂದೆ ಬರುವ ‘ಕೆ’ ಅಂದ್ರೆ ಸಾಮಾನ್ಯವಾಗಿ ಖುರ್ದ್, ಸಣ್ಣದು. ‘ಬಿ’ ಅಂದ್ರೆ ಬುದ್ರುಕ್, ದೊಡ್ಡದು. ಔರಾದ್ ಕಥೆಯೂ ಹೀಗೇ. ನಮ್ಮದು ತಾಲೂಕು ಕೇಂದ್ರ ಔರಾದ್. ಗಡಿ ದಾಟಿದರೆ ಲಾತೂರ್ ಜಿಲ್ಲೆಯಲ್ಲಿ ಔರಾದ್ ಶಹಾಜಾನಿ. ಭಾಲ್ಕಿಯವರು ಪುಣ್ಯವಂತರು, ಅವರಿಗೆ ಈ ತಾಪತ್ರಯ ಕಡಿಮೆ.

ಜಿಯೋಕ್ಯಾಶಿಂಗ್‌ನಲ್ಲಿ ಹೆಸರಿಗೆ ಕೆಲಸವೇ ಇಲ್ಲ. ಎರಡು ನಂಬರ್, ಅಷ್ಟೇ. ನಾವು ಇದನ್ನ ಬರೀ ಆಟ ಅಂತ ನೋಡದೇ ಇರೋದಕ್ಕೆ ಕಾರಣ ಇದೇ. ಕೊಳಾರದ ಯಾವುದೋ ತೊಗರಿ ಹೊಲದಲ್ಲಿ ಒಬ್ಬರಿಗೆ ಹಾವು ಕಡಿತು ಅಂದ್ಕೊಳ್ಳಿ. 108ಕ್ಕೆ ಫೋನ್ ಮಾಡಿ ಏನಂತ ಹೇಳ್ತೀರಿ? ‘ಬೇವಿನ ಗಿಡ ದಾಟಿ ಎಡಕ್ಕೆ ಬರ್ರಿ’ ಅಂದ್ರೆ ಊರಿನ ಕಾಕಾಗೆ ತಿಳೀತದ, ಹೊಸ ಡ್ರೈವರ್‌ಗೆ ತಿಳಿಯಲ್ಲ. ತಾನು ನಿಂತ ಜಾಗದ ಎರಡು ನಂಬರ್ ಓದಿ ಹೇಳೋಕೆ ಬಂದರೆ ಆ ಫೋನ್ ಕಾಲ್ ಬೇಗ ಮುಗೀತದೆ. ಹೇಳೋದು ಅಭ್ಯಾಸ ಆಗಬೇಕು, ಅಭ್ಯಾಸಕ್ಕೆ ಆಟಕ್ಕಿಂತ ಒಳ್ಳೇ ದಾರಿ ನಮಗೆ ಕಾಣ್ತಿಲ್ಲ.

ಇನ್ನು ಯಂತ್ರದ ದೋಷಗಳು. ಕಾರಿನ ನ್ಯಾವಿಗೇಟರ್‌ಗೆ ರಸ್ತೆ ಬಿಟ್ಟರೆ ಬೇರೆ ಜಗತ್ತಿಲ್ಲ. ಸಿಗ್ನಲ್ ನಾಲ್ಕಾರು ಮೀಟರ್ ಆಚೀಚೆ ಆದರೂ ಅದು ನಿಮ್ಮನ್ನ ಹತ್ತಿರದ ರಸ್ತೆ ಮೇಲೇ ಕೂರಿಸಿ ತೋರಿಸ್ತದೆ. ಕಾರಿನಲ್ಲಿ ಇದು ಬಹಳ ಒಳ್ಳೇದು, ಯಾಕಂದ್ರೆ ಕಾರು ರಸ್ತೆ ಮೇಲೇ ಇರ್ತದಲ್ಲ. ನಡೆಯುವವರಿಗೆ ಇದೇ ಮೋಸ. ಡಬ್ಬಿ ಹೊಲದೊಳಗೆ 200 ಮೀಟರ್ ದೂರ ಇದ್ದರೂ, ರಸ್ತೆಯ ಕೊನೇ ಬಿಂದು ಬಂದ ಕೂಡಲೇ ‘ತಲುಪಿದ್ದೀರಿ’ ಅಂತ ಹೇಳಿ ಸುಮ್ಮನಾಗ್ತದೆ. ಹಲವು ಮಾಡೆಲ್‌ಗಳ ಸೆಟ್ಟಿಂಗ್ಸ್‌ನಲ್ಲಿ ‘ಆಫ್ ರೋಡ್’ ಅನ್ನೋ ಆಯ್ಕೆ ಇದೆ. ಅದನ್ನ ಒತ್ತಿದರೆ ಯಂತ್ರ ರಸ್ತೆಯ ಹಟ ಬಿಟ್ಟು ನೇರ ಗೆರೆ ಎಳೆದು ದೂರ ತೋರಿಸ್ತದೆ. ಊರಿಂದ ಹೊಲದ ಬದುವಿನವರೆಗೆ ಮಾಮೂಲಿ ಮೋಡ್, ಅಲ್ಲಿಂದ ಆಫ್ ರೋಡ್: ಇಷ್ಟು ನೆನಪಿದ್ದರೆ ಮುಕ್ಕಾಲು ಕೆಲಸ ಆಯ್ತು.

ಇನ್ನೊಂದು ವಿಷಯ. ಇಂಥ ಬಹುತೇಕ ಯಂತ್ರಗಳಲ್ಲಿ ದಿಕ್ಸೂಚಿ ಇರಲ್ಲ. ನೀವು ಚಲಿಸಿದಾಗ ಹಿಂದಿನ ಬಿಂದುವಿಂದ ಈಗಿನ ಬಿಂದುವಿಗೆ ಲೆಕ್ಕ ಹಾಕಿ ಅದು ದಿಕ್ಕು ಹೇಳ್ತದೆ. ನಿಂತಲ್ಲೇ ನಿಂತು ತಿರುಗಿದರೆ ಬಾಣ ಎತ್ತಲೋ ನೋಡ್ತಿರ್ತದೆ. ಹತ್ತಿಪ್ಪತ್ತು ಹೆಜ್ಜೆ ನೇರ ನಡೆದು ಆಮೇಲೆ ಬಾಣ ನಂಬಿ. ಮಳೆಗೆ ಹಿಡಿಯಬೇಡಿ, ಇದು ಕಾರಿನೊಳಗೆ ಕೂರೋ ಪ್ರಾಣಿ. ಬ್ಯಾಟರಿಯೂ ಬಹಳ ಹೊತ್ತು ಬರಲ್ಲ. ಪವರ್ ಬ್ಯಾಂಕ್ ಜೊತೆ ಹಳೇ ಮಿನಿ ಯುಎಸ್‌ಬಿ ಕೇಬಲ್ ಬೇಕು, ಆ ಕೇಬಲ್ ಹುಡುಕೋದೇ ಒಂದು ಜಿಯೋಕ್ಯಾಶಿಂಗ್.

ನಿಜವಾದ ಅಪಾಯ ಇರೋದು ನಂಬರ್ ಬರೆಯೋ ರೀತಿಯಲ್ಲಿ. ಜಿಯೋಕ್ಯಾಶಿಂಗ್‌ನವರು ಡಿಗ್ರಿ ಮತ್ತು ದಶಮಾಂಶ ಮಿನಿಟ್‌ನಲ್ಲಿ ಬರೀತಾರೆ; ಫೋನ್ ಮ್ಯಾಪ್ ಸಾಮಾನ್ಯವಾಗಿ ದಶಮಾಂಶ ಡಿಗ್ರಿ ಕೊಡ್ತದೆ. ಬೀದರ್ ಹತ್ತಿರದ ಒಂದು ಅಕ್ಷಾಂಶ ತಗೊಳ್ಳಿ: 17 ಡಿಗ್ರಿ 54.600 ಮಿನಿಟ್. 54.6ನ್ನ 60ರಿಂದ ಭಾಗಿಸಿದರೆ 0.91, ಅಂದರೆ 17.91 ಡಿಗ್ರಿ. ಭಾಗಿಸದೇ 17.546 ಅಂತ ಹೊಡೆದರೆ ಸುಮಾರು 40 ಕಿಲೋಮೀಟರ್ ದಕ್ಷಿಣಕ್ಕೆ, ಜಹೀರಾಬಾದಿನ ಅಕ್ಷಾಂಶವನ್ನೂ ದಾಟಿ ಹೋಗ್ತೀರಿ. ಯಂತ್ರ ಒಂದು ಮಾತೂ ಎದುರಾಡಲ್ಲ. ನ್ಯಾವಿಗೇಟರ್‌ನಲ್ಲಿ ನಂಬರ್ ಹಾಕುವ ಮೊದಲು ನೀವೇ ಫಾರ್ಮ್ಯಾಟ್ ಆರಿಸಬೇಕು. ಫೋನಿನಲ್ಲಿ ಲಿಂಕ್ ಒತ್ತಿದರೆ ಆಯ್ತು, 60ರಿಂದ ಯಾಕೆ ಭಾಗಿಸ್ತಾರೆ ಅಂತ ಯೋಚಿಸೋ ಪ್ರಸಂಗವೇ ಬರಲ್ಲ. ಮೊದಲೇ ಹೇಳಿದ ಆ ಒಂದು ಪಾಠ ಇದು. ಫೋನ್ ಅನುಕೂಲ ಅನ್ನೋದನ್ನ ನಾವು ಅಲ್ಲಗಳೆಯಲ್ಲ. ಮರದ ಕೆಳಗೆ ಕೊನೇ ಇಪ್ಪತ್ತು ಮೀಟರ್ ಬಂದಾಗ ಎರಡೂ ಒಂದೇ: ಎರಡನ್ನೂ ಜೇಬಿಗೆ ಹಾಕಿ ಕಣ್ಣು ಉಪಯೋಗಿಸಬೇಕು.

ಹಾಗಾದರೆ ಬೀದರ್‌ನಲ್ಲಿ ಡಬ್ಬಿ ಎಲ್ಲಿಡೋದು? ಕೋಟೆಯಲ್ಲಿ ಬೇಡವೇ ಬೇಡ, ಅದು ಸಂರಕ್ಷಿತ ಸ್ಮಾರಕ. ವಾಯುಪಡೆ ನೆಲೆಯ ಹತ್ತಿರ ಪ್ಲಾಸ್ಟಿಕ್ ಡಬ್ಬಿ ಬಚ್ಚಿಟ್ಟರೆ ಅದನ್ನ ಹುಡುಕಿಕೊಂಡು ಬರೋರು ಆಟಗಾರರಲ್ಲ. ಕಾರ್ಖಾನೆ ಕಾಂಪೌಂಡ್ ಪಕ್ಕವೂ ಬೇಡ. ನೌಬಾದ್‌ನ ಕಾರೇಜ್, ಅಂದರೆ ಬಹಮನಿ ಕಾಲದ ಸುರಂಗ ಬಾವಿ, ಎಲ್ಲರಿಗೂ ಆಸೆ ಹುಟ್ಟಿಸ್ತದೆ; ಆದರೆ ಅದರ ಗಾಳಿಕಿಂಡಿಗಳು ಅಂದ್ರೆ ನೆಲದಲ್ಲಿ ಬಾಯಿ ತೆರೆದ ಬಾವಿಗಳು. ಪರದೆ ನೋಡ್ತಾ ನಡೆಯೋರನ್ನ ಅಲ್ಲಿಗೆ ಕರೆಯೋದು ತಪ್ಪು. ಹೊಲದಲ್ಲಿ ಇಡೋದಾದರೆ ಹೊಲದವರನ್ನ ಕೇಳಿಯೇ ಇಡಬೇಕು. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಇರಬೇಕು ಅನ್ನೋದೂ ನಿಯಮ.

ನಮಗೆ ಹೆಚ್ಚು ಹಿಡಿಸಿದ್ದು ಅರ್ತ್‌ಕ್ಯಾಶ್. ಇದರಲ್ಲಿ ಡಬ್ಬಿಯೇ ಇಲ್ಲ. ಜಾಗಕ್ಕೆ ಹೋಗಿ, ನೆಲವನ್ನೋ ಕಲ್ಲನ್ನೋ ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಬರೆದರೆ ಸಿಕ್ಕಂತೆ ಲೆಕ್ಕ. ಇದಕ್ಕೆ ಬೀದರ್‌ಗಿಂತ ಜಾಗ ಬೇಕಾ? ಮೇಲೆ ಜಂಬಿಟ್ಟಿಗೆ ಕಲ್ಲಿನ ಕೆಂಪು ನೆಲ, ಕೆಳಗೆ ಬಸಾಲ್ಟಿನ ಕಪ್ಪು ಕಲ್ಲು. ಮೇಲಿನದು ಮಳೆನೀರು ಇಂಗಿಸಿಕೊಳ್ತದೆ, ಕೆಳಗಿನದು ಸುಲಭಕ್ಕೆ ಬಿಟ್ಟುಕೊಡಲ್ಲ; ಕಾರೇಜ್ ತೋಡಿದವರು ನಂಬಿದ್ದು ಇದನ್ನೇ. ನಮ್ಮ ಸಂಘದ ಮೊದಲ ಪ್ರಶ್ನೆ ಹೀಗಿರಲಿ: ಕೆಂಪು ಮಣ್ಣು ಮುಗಿದು ಕರಿ ಮಣ್ಣು ಶುರುವಾಗುವ ಜಾಗಕ್ಕೆ ಹೋಗಿ, ಎರಡೂ ಕಡೆ ಹತ್ತು ಹೆಜ್ಜೆ ನಡೆದು, ಏನೇನು ಬದಲಾಯ್ತು ಬರೆಯಿರಿ. ನಂಬರನ್ನ ಮೂರು ಬೇರೆ ದಿನ ಅಳೆದು ಸರಾಸರಿ ತೆಗೆದೇ ಹಾಕೋಣ. ಶೀರ್ಷಿಕೆಯನ್ನ ಇಂಗ್ಲಿಷ್ ಜೊತೆ ಕನ್ನಡದಲ್ಲೂ ಬರೆಯೋಣ, ಳಕಾರ ಬಿಡದೆ. ಮನೆಯಲ್ಲಿ ಹಳೇ ನ್ಯಾವಿಗೇಟರ್ ಇರುವವರು ಚಾರ್ಜ್ ಆಗ್ತದಾ ಅಂತ ಈ ವಾರವೇ ನೋಡಿ ತಿಳಿಸಿ.