ಅರಿವು ಕೇಂದ್ರಕ್ಕೊಂದು ವಿಮಾನವಾಹಕ ನೌಕೆ

2020ನೆಯ ಇಸವಿಯ ಜನವರಿ 11ರಂದು, ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ವಿಮಾನದ ನೌಕಾದಳದ ಮಾದರಿಯೊಂದು, ಕಮೊಡೋರ್ ಜೈದೀಪ್ ಮಾವಳಂಕರ್ ಅವರ ಚಾಲನೆಯಲ್ಲಿ, ಅರಬ್ಬೀ ಸಮುದ್ರದಲ್ಲಿದ್ದ ಐ.ಎನ್.ಎಸ್. ವಿಕ್ರಮಾದಿತ್ಯ ನೌಕೆಯ ಮೇಲಿಳಿದು, ಗಂಟೆಗೆ ಸುಮಾರು 240 ಕಿಲೋಮೀಟರಿನ ವೇಗವನ್ನು 90 ಮೀಟರಿನಷ್ಟು ಅಂತರದೊಳಗೆ ಕಳೆದುಕೊಂಡು ನಿಶ್ಚಲವಾಗಿ ನಿಂತಿತು. ಆ ವಿಮಾನದ ತವರು ನಮ್ಮ ಬೆಂಗಳೂರು. ಆ ನೌಕೆಯ ನೆಲೆ ನಮ್ಮ ಕಾರವಾರ. ಈ ವಾರ್ತೆಯನ್ನೋದಿ ಹರ್ಷಿಸಿದವರು ಅನೇಕರು. ಅಂದಿನ ಆ ಎರಡು ಮೂರು ಸೆಕೆಂಡುಗಳ ಕಾರ್ಯವನ್ನು ಅದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಗೋಡೆಗಳ ನಡುವೆ, ಕಡಲಿನ ಗಾಳಿ ಸೋಕದ ಕೊಠಡಿಗಳಲ್ಲಿ ಅಭ್ಯಸಿಸಲಾಗಿತ್ತೆಂಬುದನ್ನು ನೆನೆದವರು ವಿರಳ.

ತೇಜಸ್ಸಿನ ಹಾರಾಟವನ್ನು ನಿಯಂತ್ರಿಸುವ ಸೂತ್ರಗಳನ್ನು ರಚಿಸಿದ ಎಂಜಿನಿಯರುಗಳು, 1998ರ ಪೋಖ್ರಾನ್ ಪರೀಕ್ಷೆಯ ಅನಂತರ ಅಮೆರಿಕ ವಿಧಿಸಿದ ನಿರ್ಬಂಧದಿಂದಾಗಿ ಅಲ್ಲಿನ ಸಹಯೋಗವನ್ನು ಕಳೆದುಕೊಂಡು, ಉಳಿದ ಕೆಲಸವನ್ನು ಬೆಂಗಳೂರಿನಲ್ಲಿಯೇ ಪೂರೈಸಿದರು. ವಿಮಾನವು 2001ರ ಜನವರಿ 4ರಂದು ಪ್ರಥಮವಾಗಿ ನೆಲ ಬಿಡುವುದಕ್ಕೆ ಮುನ್ನ ಪರೀಕ್ಷಾ ಪೈಲಟ್‌ಗಳು, ಹಾರಾಟವನ್ನು ನೆಲದ ಮೇಲೆಯೇ ಅನುಕರಿಸುವ ಸಿಮ್ಯುಲೇಟರಿನಲ್ಲಿ ಕುಳಿತು, ಅದರ ಗುಣದೋಷಗಳನ್ನೆಲ್ಲ ಶೋಧಿಸಿದ್ದರು. ನೌಕಾದಳದ ಮಾದರಿಗೆ ಇನ್ನೊಂದು ಮಜಲು ಅವಶ್ಯವಾಯಿತು. ಗೋವೆಯ ಐ.ಎನ್.ಎಸ್. ಹಂಸ ನೆಲೆಯಲ್ಲಿ, ನೌಕೆಯ ಡೆಕ್ಕನ್ನೇ ಹೋಲುವ, ಉಕ್ಕಿನ ಹಗ್ಗಗಳನ್ನೂ ಮೇಲಕ್ಕೆ ಬಾಗಿದ ಹಾರುಗಟ್ಟೆಯನ್ನೂ ಒಳಗೊಂಡ ನಿರ್ಮಾಣವೊಂದು ಭೂಮಿಯ ಮೇಲೆಯೇ ಎದ್ದಿತು. 2019ರ ಸೆಪ್ಟೆಂಬರ್ 13ರಂದು ತೇಜಸ್ ಮೊದಲು ಅಲ್ಲಿಳಿದು ಹಗ್ಗ ಹಿಡಿಯಿತು. ಕೊಠಡಿಯಿಂದ ತೀರಕ್ಕೆ, ತೀರದಿಂದ ಕಡಲಿಗೆ! ನೌಕಾದಳವು ಮುಂದೆ ಈ ಒಂಟಿ ಎಂಜಿನ್ನಿನ ಮಾದರಿಯನ್ನು ತನ್ನ ಪಡೆಗೆ ಸೇರಿಸಿಕೊಳ್ಳಲಿಲ್ಲವೆಂಬುದು ನಿಜ. ಆದರೆ ಅದರಿಂದ ಲಭಿಸಿದ ಜ್ಞಾನವೇ ಈಗ ಯೋಜಿತವಾಗಿರುವ ಎರಡು ಎಂಜಿನ್ನುಗಳ ನೌಕಾವಿಮಾನಕ್ಕೆ ಬುನಾದಿಯಾಗಿದೆ.

ನೌಕೆಯ ಮೇಲಿನ ಈ ಅವತರಣವು ಇಷ್ಟು ದುಷ್ಕರವಾದುದೇಕೆ? ಸಾಮಾನ್ಯ ನಿಲ್ದಾಣದಲ್ಲಿ ಇಳಿಯುವ ಪೈಲಟ್ ನೆಲಕ್ಕೆ ಸಮೀಪಿಸಿದಂತೆ ಮೂತಿಯನ್ನು ಮೆಲ್ಲನೆ ಎತ್ತಿ ರನ್‌ವೇಯನ್ನು ಮೃದುವಾಗಿ ಮುಟ್ಟುತ್ತಾನೆ. ನೌಕೆಯ ಮೇಲಿಳಿಯುವವನಿಗೆ ಆ ಸೌಖ್ಯವಿಲ್ಲ. ಅವನು ಮೂತಿಯ ಕೋನವನ್ನು ಒಂದೇ ಸಮನೆ ಹಿಡಿದು, ಇಳಿಕೆಯನ್ನು ಎಂಜಿನ್ನಿನ ಬಲದಿಂದಲೇ ಹೆಚ್ಚುಕಡಿಮೆ ಮಾಡುತ್ತ, ಡೆಕ್ಕಿನ ಅಂಚಿನ ದೀಪಗಳು ತೋರುವ ದಾರಿಯಿಂದ ಕದಲದೆ, ವಿಮಾನವನ್ನು ನೇರವಾಗಿ ಡೆಕ್ಕಿಗೇ ತಂದೊತ್ತಬೇಕು. ನೌಕೆ ಮುಂದೆ ಸಾಗುತ್ತಿರುವುದರಿಂದಲೂ, ಇಳಿಯುವ ಪಟ್ಟಿ ಅದರ ನೇರಕ್ಕೆ ಓರೆಯಾಗಿರುವುದರಿಂದಲೂ ಗುರಿಯು ಕ್ಷಣಕ್ಷಣಕ್ಕೆ ಬಲಕ್ಕೆ ಸರಿಯುತ್ತಿರುತ್ತದೆ. ಅಡ್ಡಲಾಗಿ ಬಿಗಿದ ಹಗ್ಗಗಳಲ್ಲೊಂದನ್ನು ಬಾಲದ ಕೊಕ್ಕೆ ಹಿಡಿಯಬೇಕು. ವಿಕ್ರಮಾದಿತ್ಯದಲ್ಲಿ ಅಂತಹ ಹಗ್ಗಗಳು ಮೂರೇ. ಇದೆಲ್ಲಕ್ಕಿಂತ ನನ್ನನ್ನು ವಿಸ್ಮಯಗೊಳಿಸುವುದು ಕೊನೆಯ ಕ್ರಿಯೆ: ಚಕ್ರಗಳು ಡೆಕ್ಕನ್ನು ತಾಕಿದೊಡನೆ ಪೈಲಟ್ ಎಂಜಿನ್ನನ್ನು ತಗ್ಗಿಸದೆ ಪೂರ್ಣಬಲಕ್ಕೆ ಏರಿಸುತ್ತಾನೆ. ಕೊಕ್ಕೆ ತಪ್ಪಿದ್ದರೆ ಆ ಬಲವೇ ಅವನನ್ನು ಮರಳಿ ಆಕಾಶಕ್ಕೊಯ್ಯುತ್ತದೆ. ಅವನು ಸುತ್ತು ಹಾಕಿ ಪುನಃ ಬರುತ್ತಾನೆ. ಕಾರ್ಯ ಸಿದ್ಧಿಸುತ್ತಿರುವ ಕ್ಷಣದಲ್ಲಿಯೇ ಅಸಿದ್ಧಿಗೂ ಸಜ್ಜಾಗಿರುವ ಇಂತಹ ಶಿಸ್ತನ್ನು ಬೋಧಿಸುವ ವಿದ್ಯೆ ಬೇರೊಂದನ್ನು ನಾನು ಕಾಣೆ.

ಒಂದು ಕಾಲದಲ್ಲಿ ಇದನ್ನು ಕಲಿಯಲು ದೇಹವನ್ನೇ ಒತ್ತೆಯಿಡಬೇಕಾಗಿತ್ತು. 1911ರ ಜನವರಿ 18ರಂದು ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ, ಮರಳಿನ ಚೀಲಗಳನ್ನು ಕಟ್ಟಿದ ಹಗ್ಗಗಳ ನೆರವಿನಿಂದ ಹಡಗೊಂದರ ಮೇಲೆ ಪ್ರಥಮವಾಗಿ ವಿಮಾನ ಇಳಿಸಿದ ಯೂಜೀನ್ ಈಲಿ, ಜೀವರಕ್ಷಣೆಗೆಂದು ಸೈಕಲ್ಲಿನ ಟ್ಯೂಬುಗಳನ್ನು ಮೈಗೆ ಸುತ್ತಿಕೊಂಡಿದ್ದನು. ಅದೇ ವರ್ಷದ ಅಕ್ಟೋಬರಿನಲ್ಲಿ ಬೇರೊಂದು ಹಾರಾಟದಲ್ಲಿ ಬಿದ್ದು ಮಡಿದನು. ಆರ್ಗನ್ ವಾದ್ಯಗಳನ್ನು ತಯಾರಿಸುವ ಮನೆತನದ ಎಡ್ವಿನ್ ಲಿಂಕ್ 1929ರಲ್ಲಿ, ನೆಲ ಬಿಡದೆಯೇ ಹಾರಾಟ ಕಲಿಸುವ ತನ್ನ ತರಬೇತಿಯಂತ್ರವನ್ನು ನಿರ್ಮಿಸಿದಾಗ, ನಮ್ಮ ಭಜನೆಯ ಹಾರ್ಮೋನಿಯಮ್ಮಿನಲ್ಲಿರುವಂತಹ ತಿದಿಗಳೇ ಅದನ್ನು ಅತ್ತಿತ್ತ ಒಲೆಯಿಸಿದುವು. 1934ರಲ್ಲಿ ಅಂಚೆ ಸಾಗಿಸಲು ಹೋದ ಅಮೆರಿಕದ ಸೇನೆಯ ಹಲವು ಪೈಲಟ್‌ಗಳು ಮಂಜು ಬಿರುಗಾಳಿಗಳಲ್ಲಿ ಪ್ರಾಣ ತೆತ್ತ ಮೇಲೆಯೇ ಸೇನೆ ಆ ಯಂತ್ರವನ್ನು ಕೊಂಡಿತು. ತಪ್ಪು ಮಾಡಿಯೂ ಬದುಕಿ ಉಳಿದು ತಿದ್ದಿಕೊಳ್ಳುವ ಅವಕಾಶವೇ ಸಿಮ್ಯುಲೇಟರು ಮನುಷ್ಯನಿಗಿತ್ತ ವರ.

ಆ ವರವು ಕಲಬುರಗಿ ಜಿಲ್ಲೆಯ ನಮ್ಮ ಆಳಂದ ಸೀಮೆಯ ಮಕ್ಕಳಿಗೆ ದೊರೆತಿಲ್ಲ. ಒಂದು ಮಳೆ ತಪ್ಪಿದರೆ ತೊಗರಿ ಹೋಯಿತು. ಒಂದು ಪರೀಕ್ಷೆ ತಪ್ಪಿದರೆ ಓದು ನಿಂತಿತು. ಸಿರಿವಂತರ ಮಗು ಹತ್ತು ಸಲ ಎಡವಿ ಹನ್ನೊಂದನೆಯ ಸಲ ಏಳಬಲ್ಲುದು. ಇಲ್ಲಿನ ಮಗುವಿಗೆ ಎರಡನೆಯ ಸುತ್ತೆಂಬುದೇ ಇಲ್ಲ. ಸರಸಂಬಾದಂತಹ ಊರಿನಲ್ಲಿ ಯಾವನಾದರೊಬ್ಬ ಹುಡುಗ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು, ಕಣ್ಣಾರೆ ಕಾಣದ ಕಡಲಿನ ಮೇಲೆ ವಿಮಾನ ಇಳಿಸಲು ಹೆಣಗುತ್ತಿದ್ದರೆ, “ಹಗಲೆಲ್ಲ ಅದರಾಗೇ ಕುಂದರ್ತಾನ, ಓದೂದು ಯಾವಾಗ?” ಎಂದು ಹಿರಿಯರು ಗದರುವುದು ಸಹಜ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಮೊಬೈಲಿನ ಆಟಗಳಲ್ಲಿ ಕಣ್ಣನ್ನೂ ಕಾಲವನ್ನೂ ಕಳೆಯುವ ಮಕ್ಕಳನ್ನು ಅವರು ದಿನವೂ ನೋಡುತ್ತಿದ್ದಾರೆ. ಆದರೆ ವೇಗ, ಕೋನ, ಗಾಳಿಯ ದಿಕ್ಕು, ಇಂಧನದ ತೂಕ ಇವುಗಳ ಪರಸ್ಪರ ಸಂಬಂಧವನ್ನು ಪ್ರತಿಕ್ಷಣವೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಈ ಅಭ್ಯಾಸವು ಪಠ್ಯದ ಭೌತಶಾಸ್ತ್ರವನ್ನು ಕೈಬೆರಳುಗಳಿಗೆ ಇಳಿಸುವಂತಹುದು. ಅದನ್ನು ಆ ಆಟಗಳ ಸಾಲಿನಲ್ಲಿ ಕೂರಿಸುವುದು ಅನ್ಯಾಯ.

ಆದುದರಿಂದ ನನ್ನ ವಿಜ್ಞಾಪನೆ ಇದು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳೆಂಬ ಹೆಸರನ್ನು ಪಡೆದಿವೆ; ಅವುಗಳಲ್ಲಿ ಹಲವಕ್ಕೆ ಕಂಪ್ಯೂಟರುಗಳೂ ಬಂದಿವೆ. ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರು ಯಾರಿಗೂ ಹಣ ತೆರಬೇಕಾಗಿಲ್ಲದ ತಂತ್ರಾಂಶ. ವಿಮಾನವಾಹಕ ನೌಕೆಯೂ ಅದರಲ್ಲಿದೆ. ಬೇಕಾಗುವುದು ಒಂದು ಜಾಯ್‌ಸ್ಟಿಕ್, ಕನ್ನಡದಲ್ಲಿ ಬರೆದ ಒಂದು ಕೈಪಿಡಿ, ಮತ್ತು ಸಂಜೆಯ ಹೊತ್ತು ಕೈಕೊಡದ ವಿದ್ಯುತ್ತು. ಈ ಮೂರರಲ್ಲಿ ಕೈಪಿಡಿಯೇ ಮುಖ್ಯ. ಇಂಗ್ಲಿಷಿನ ಸೂಚನೆಗಳ ಮುಂದೆ ನಮ್ಮ ಎಷ್ಟು ಮಕ್ಕಳ ಉತ್ಸಾಹ ಕಮರಿಹೋಗುತ್ತದೆಂಬುದನ್ನು ಬಲ್ಲವರು, ಬೆಂಗಳೂರಿನ ವಿಮಾನಶಾಸ್ತ್ರಸಂಸ್ಥೆಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ಕನ್ನಡಿಗ ಎಂಜಿನಿಯರುಗಳು, ಅದನ್ನು ಬರೆದುಕೊಡಬೇಕು. ಕಲಬುರಗಿಯಲ್ಲಿ 2019ರ ನವೆಂಬರಿನಿಂದ ವಿಮಾನನಿಲ್ದಾಣವಿದೆ. ವಿಮಾನಗಳನ್ನು ಕತ್ತೆತ್ತಿ ನೋಡುವುದಷ್ಟೇ ಇಲ್ಲಿನ ಮಕ್ಕಳ ಪಾಲಿಗೆ ಉಳಿಯಬಾರದು.

ಸಂವಿಧಾನದ 371(ಜೆ) ವಿಧಿಯ ಆಶಯದಂತೆ ರೂಪುಗೊಂಡ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ತನ್ನ ಮುಂದಿನ ಕ್ರಿಯಾಯೋಜನೆಯನ್ನು ಸಿದ್ಧಪಡಿಸುವಾಗ, ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಕೆಲವು ಅರಿವು ಕೇಂದ್ರಗಳನ್ನಾದರೂ ಪ್ರಯೋಗಾರ್ಥವಾಗಿ ಆರಿಸಿಕೊಳ್ಳಲಿ. ಸರಸಂಬಾ ಆ ಪಟ್ಟಿಯಲ್ಲಿರಲಿ. ಹೆಣ್ಣುಮಕ್ಕಳಿಗೆಂದೇ ವಾರದಲ್ಲಿ ಕೆಲವು ಸಂಜೆಗಳನ್ನು ಮೀಸಲಿಡಬೇಕು; ಇಲ್ಲವಾದರೆ ಜಾಯ್‌ಸ್ಟಿಕ್ ಅವರ ಕೈಗೆ ಬಾರದು.